ಬ್ಯಾಟರಿ ಹೊತ್ತವರ ರೇಡಿಯೋ



ಹಳೆ ಕಟ್ಟಿಗೆ ರೇಡಿಯೋಕ್ಕ ಬೆಲೆ ಕಟ್ಟೋದು ಹೆಂಗ ಅಂತ ಈ ತಿಂಗಳು ನಾಲ್ಕು ಜನ ಮೆಸೇಜ್ ಹಾಕ್ಯಾರ. ನಾನು ಸಂಘಟನೆಗೆ ಬರೋ ಮೊದಲು ರೇಡಿಯೋ ರಿಪೇರಿ ಮಾಡಿ ಹೊಟ್ಟಿ ಹೊರೆದವ ಅಂತ ಗೊತ್ತಿದ್ದೋರು ಕೇಳ್ತಾರ. ಹೇಳ್ತೀನಿ. ಲೆಕ್ಕ ಸ್ವಲ್ಪ ಉದ್ದ ಅದ, ಚಾ ಕುಡಕೋತ ಓದ್ರಿ.

ಮೊದಲು ಬಜಾರಿನ ಲೆಕ್ಕ. ಹಳೆ ರೇಡಿಯೋ ಕೊಳ್ಳುವವನು ಸೆಟ್ಟಿನ ಮುಂದೆ ನಿಲ್ಲಲ್ಲ, ಹಿಂದೆ ಹೋಗ್ತಾನೆ. ಹಿಂದಿನ ಹಲಗೆ ಇದೆಯಾ, ಒಳಗಿನ ಚಾಸಿ ಇದೇ ಸೆಟ್ಟಿನದಾ ಅಥವಾ ಬೇರೆ ಯಾವುದೋ ತಂದು ಕೂರಿಸಿದ್ದಾ, ವಾಲ್ವುಗಳು ಎಷ್ಟು ಉಳಿದಿವೆ, ಸ್ಪೀಕರಿನ ಕಾಗದ ಹರಿದಿದೆಯಾ. ಆಮೇಲೆ ಮುಂದೆ ಬಂದು ಡಯಲ್ಲಿನ ಗಾಜು, ನಾಬುಗಳು, ಸ್ಪೀಕರಿನ ಮೇಲಿನ ಬಟ್ಟೆ ನೋಡ್ತಾನೆ. ಕಟ್ಟಿಗೆಗೆ ಗೆದ್ದಲು ಹತ್ತಿದೆಯಾ, ಮೇಲಿನ ತೆಳು ಪದರ ಎದ್ದಿದೆಯಾ ಅಂತ ಉಗುರಿನಿಂದ ತಟ್ಟಿ ನೋಡ್ತಾನೆ. ಹೊಸದಾಗಿ ಪಾಲಿಶ್ ಹೊಡೆಸಿದ್ದರೆ ಬೆಲೆ ಇಳಿಯುತ್ತೆ, ಏರಲ್ಲ. ಇದನ್ನ ಹೇಳಿದ್ರ ಜನ ನಂಬಂಗಿಲ್ಲ. ಮೇಜಿನ ಮೇಲೆ ಇಡುವ ಮರ್ಫಿ, ಫಿಲಿಪ್ಸ್, ಬುಷ್ ಸೆಟ್ಟುಗಳು ನಮ್ಮ ಕಡೆ ಇನ್ನೂ ಅಟ್ಟದ ಮೇಲೆ ಸಿಗ್ತಾವ. ಅಲಮಾರಿ ಹಂಗ ನೆಲದ ಮೇಲೆ ನಿಲ್ಲುವ, ಸೊಂಟಕ್ಕಿಂತ ಎತ್ತರದ ಕನ್ಸೋಲ್ ರೇಡಿಯೋ ಮಾತ್ರ ಅಪರೂಪ. ಅದಕ್ಕೇ ಅದರ ಹಿಂದೆ ಹೈದರಾಬಾದಿನ ವ್ಯಾಪಾರಿಗಳು ಹಳ್ಳಿ ಹಳ್ಳಿ ಅಡ್ಡಾಡ್ತಾರ.

ಅಂಥದ್ದೊಂದನ್ನ ಹೋದ ಮಳೆಗಾಲದಲ್ಲಿ ಐನಾಪುರದ ಸೀಮೆಯಲ್ಲಿ ನೋಡಿದೆ. ನಮ್ಮ ಚಿಂಚೋಳಿ ತಾಲ್ಲೂಕಿನ ಐನಾಪುರ. ಕಾಗವಾಡ ಕಡೆಯ ಐನಾಪುರ ಅಲ್ಲ. ಒಂದು ಹಳೇ ವಾಡೆ ಕೆಡವುತ್ತಿದ್ದರು. ಮನೆಯ ಮೊಮ್ಮಗ ಹೈದರಾಬಾದಿನಲ್ಲಿ ನೌಕರಿ ಮಾಡೋ ಹುಡುಗ. ಅವನೇ ಫೋನ್ ಮಾಡಿದ್ದ: “ಅಣ್ಣಾ, ಒಂದ್ ಸಲ ಬಂದು ನೋಡಿ ಹೋಗ್ರಿ, ಈ ಮನಷ್ಯಾ ನನಗ ಟೋಪಿ ಹಾಕ್ಲಾಕತ್ಯಾನ ಅನಸ್ತದ.” ಇವನ ಮುತ್ಯಾ ನಮ್ಮ ಮುತ್ಯಾನ್ನ ಹೆಸರು ಹಿಡಿದು ಸುದ್ದಾ ಕರೀತಿದ್ದಿಲ್ಲ. ಮೊಮ್ಮಗ ನನಗ ಅಣ್ಣಾ ಅಂತಾನ. ಇದೂ ಇತಿಹಾಸನೇ, ಇರಲಿ.

ಸೆಟ್ಟು ಅಮೆರಿಕದ ಫಿಲ್ಕೋ ಕಂಪನಿಯದು. ಮಾಡೆಲ್ ಚೀಟಿ ಇಲಿ ತಿಂದಿತ್ತು. ವಾಲ್ವಿನ ಬುಡ ನೋಡಿ ವಯಸ್ಸು ಹಿಡಿಯಬಹುದು. ಲಾಕ್ಟಲ್ ಅಂತಾರೆ, ಸಾಕೆಟ್ಟಿನೊಳಗೆ ಬೀಗ ಬಿದ್ದಂಗ ಕೂರುವ ವಾಲ್ವು; ಅದು ಬಂದದ್ದೇ 1938-39ರ ಸುಮಾರಿಗೆ. ಇನ್ನು ಎರಡನೇ ಮಹಾಯುದ್ಧದ ಸಲುವಾಗಿ 1942ರಲ್ಲಿ ಅಮೆರಿಕದಲ್ಲಿ ಮನೆಬಳಕೆಯ ರೇಡಿಯೋ ತಯಾರಿಕೆಯನ್ನೇ ನಿಲ್ಲಿಸಿದ್ದರು. ಹಾಗಾಗಿ ಈ ಪೆಟ್ಟಿಗೆ ಹುಟ್ಟಿದ್ದು ಆ ಮೂರ್ನಾಲ್ಕು ವರ್ಷಗಳ ನಡುವೆ ಅಂತ ನನ್ನ ಅಂದಾಜು. ಡಯಲ್ಲಿನ ಶಾರ್ಟ್‌ವೇವ್ ಪಟ್ಟಿಯಲ್ಲಿ ಲಂಡನ್, ಪ್ಯಾರಿಸ್, ಬರ್ಲಿನ್ ಅಂತ ಬರೆದಿತ್ತು.

ವ್ಯಾಪಾರಿ 22 ಸಾವಿರ ಹೇಳಿದ್ದನಂತೆ. ನಾನು ಹಿಂದಿನ ಹಲಗೆ ಬಿಚ್ಚಿಸಿದೆ. ಯಾರೋ ಪುಣ್ಯಾತ್ಮ ಈಚೆಗೆ ಎರಡು ಪಿನ್ನಿನ ಕರೆಂಟ್ ವೈರು ಕಟ್ಟಿ ಇಟ್ಟಿದ್ದ. ಅದು ಎಲ್ಲಿಗೂ ಸೇರಿರಲಿಲ್ಲ, ಸುಮ್ಮನೆ ತೋರಿಕೆಗೆ. ಒಳಗಿನಿಂದ ಹೊರಗೆ ಬಂದಿದ್ದ ಅಸಲಿ ವೈರಿನ ತುದಿಯಲ್ಲಿ ಪಿನ್ ಇರಲಿಲ್ಲ, ಹಸಿರು ಕಿಲುಬು ಹಿಡಿದ ಎರಡು ದಪ್ಪ ಕ್ಲಿಪ್ ಇದ್ದವು. ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಬೆರಳುದ್ದದ ತಗಡಿನ ಡಬ್ಬಿ. ವೈಬ್ರೇಟರ್. ಅಂದ್ರ ಇದು ಕರೆಂಟಿನ ಸೆಟ್ಟಲ್ಲ, 6 ವೋಲ್ಟಿನ ಬ್ಯಾಟರಿ ಸೆಟ್ಟು. ಅಮೆರಿಕದಲ್ಲಿ ಇಂಥವನ್ನ ಕರೆಂಟ್ ಇಲ್ಲದ ಹೊಲಮನೆಗಳಿಗೆ ಅಂತಲೇ ಮಾಡ್ತಿದ್ದರು.

ವ್ಯಾಪಾರಿ ಮುಖ ಸಣ್ಣದು ಮಾಡಿದ. “ಬ್ಯಾಟರಿ ಕಾ ಸೆಟ್ ಹೈ ಸಾಬ್, ಇಸ್ಕೂ ಕೌನ್ ಲೇತಾ?” 22 ಸಾವಿರ ಅಲ್ಲೇ ನಿಂತಲ್ಲೇ 7 ಸಾವಿರಕ್ಕೆ ಇಳಿಯಿತು. ಅವನು ಸುಳ್ಳು ಹೇಳಲಿಲ್ಲ. ಲೋಕದ ಎಲ್ಲಾ ಕಡೆ ಸಂಗ್ರಹಕಾರರು ಬ್ಯಾಟರಿ ಸೆಟ್ಟಿಗೆ ಕಮ್ಮಿ ಬೆಲೆ ಕಟ್ತಾರೆ. ಗೋಡೆಯ ಪ್ಲಗ್ಗಿಗೆ ಹಾಕಿ ಅತಿಥಿಗಳ ಮುಂದೆ ಹಾಡು ಕೇಳಿಸಲಿಕ್ಕೆ ಬರಲ್ಲ ನೋಡ್ರಿ.

ಬಜಾರಿನಲ್ಲಿ ಬೆಲೆ ಇಳಿಸಿದ ಆ ಎರಡು ಕ್ಲಿಪ್ಪುಗಳ ಹತ್ತಿರವೇ ನನ್ನ ಲೆಕ್ಕ ಶುರುವಾಗುತ್ತದೆ.

ವಾಲ್ವುಗಳಿಗೆ ನೂರಕ್ಕೂ ಹೆಚ್ಚು ವೋಲ್ಟ್ ಬೇಕು. ಬ್ಯಾಟರಿ ಕೊಡೋದು 6. ವೈಬ್ರೇಟರ್ ಒಳಗೆ ಒಂದು ಸಣ್ಣ ಪತ್ತಿ ಸೆಕೆಂಡಿಗೆ ನೂರರ ಮೇಲೆ ಸಲ ಬಡಕೊಂಡು ಆ 6 ವೋಲ್ಟನ್ನ ಕತ್ತರಿಸಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಡ್ತದ, ಟ್ರಾನ್ಸ್‌ಫಾರ್ಮರ್ ಅದನ್ನ ಏರಿಸ್ತದ. ಜೇನುಹುಳ ಡಬ್ಬಿಯೊಳಗೆ ಸಿಕ್ಕಂಗ ಸದಾ ಗುಯ್‌ಗುಡ್ತದ. ಇಷ್ಟು ದೊಡ್ಡ ಸೆಟ್ಟು ಎರಡು ಆಂಪಿಯರ್ ಎಳೀತದ ಅಂತ ಹಿಡೀರಿ. ದಿನಕ್ಕೆ ಮೂರು ತಾಸು ಹಚ್ಚಿದ್ರ 80 ಆಂಪಿಯರ್-ಅವರ್‌ನ ಬ್ಯಾಟರಿ 12-13 ದಿನಕ್ಕೆ ಖಾಲಿ. ಖಾಲಿಯಾದ ಮೇಲೆ ಅದನ್ನ ಎಂಜಿನ್ನಿನ ಗಿರಣಿ ಇದ್ದ ಪೇಟೆಗೆ ಒಯ್ದು, ಚಾರ್ಜ್ ಆಗೋತನಕ ಕಾದು, ಹೊತ್ತು ತರಬೇಕು. 1940ರ ದಶಕದಲ್ಲಿ ಚಿಂಚೋಳಿ ಸೀಮೆಯ ಹಳ್ಳಿಗಳಿಗೆ ಕರೆಂಟ್ ಎಲ್ಲಿತ್ತು?

ಹೊತ್ತವರು ಯಾರು ಅಂತ ಕೇಳಬ್ಯಾಡ್ರಿ.

ನಮ್ಮ ಮುತ್ಯಾನ ಎಡ ಹೆಗಲ ಮೇಲೆ ಅಂಗೈ ಅಗಲದ ಸುಟ್ಟ ಕಲೆ ಇತ್ತು. ನಾವು ಸಣ್ಣವರಿದ್ದಾಗ ಎತ್ತು ಹೂಡುವಾಗ ನೊಗ ತಿಕ್ಕಿದ್ದು ಅನ್ಕೊಂಡಿದ್ದೆವು. ಆಯಿ ಹೇಳಿದಳು, ಅದು “ರೇಡಿಯೋದ ನೀರು.” ಆಸಿಡ್. ಬ್ಯಾಟರಿ 15 ಕೆಜಿಗೆ ಕಮ್ಮಿ ಇರಲ್ಲ. ಬಂಡಿ ಹೋಗೋ ದಿನ ಬಂಡಿಯಲ್ಲಿ, ಇಲ್ಲದ ದಿನ ಸಿಂಬಿ ಸುತ್ತಿ ತಲೆ ಮೇಲೆ, ತಲೆ ನೋತರೆ ಹೆಗಲ ಮೇಲೆ. ದಾರಿಯಲ್ಲಿ ಕುಲುಕಿದಂಗೆಲ್ಲಾ ಮುಚ್ಚಳದಿಂದ ಹನಿ ಸೋರುತ್ತಿತ್ತು. ಧೋತರದ ಮೇಲೆ ಬಿದ್ದದ್ದು ಆವತ್ತು ಕಾಣಲ್ಲ, ಮರುದಿನ ಒಗೆದಾಗ ತೂತು ಬೀಳ್ತಿತ್ತು. ಕೂಲಿ ಅಂತ ಏನೂ ಇಲ್ಲ. ಸುಗ್ಗಿಯಲ್ಲಿ ಕೊಡುವ ಆಯದ ಜ್ವಾಳದಲ್ಲೇ ಎಲ್ಲಾ ಸೇರಿತು. ಬ್ಯಾಟರಿ ತಂದು ಅಗಸಿ ಬಾಗಿಲ ಹತ್ತಿರ ಇಡಬೇಕು. ಮನೆಯ ಆಳು ಅದರ ಮೇಲೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದ. ಬ್ಯಾಟರಿಗೆ ಒಳಗೆ ಡಿಸ್ಟಿಲ್ಡ್ ವಾಟರ್ ಬೇಕು. ನಮ್ಮವರು ಮುಟ್ಟಿದ ಬ್ಯಾಟರಿಗೆ ಹೊರಗೂ ನೀರು ಬೇಕಿತ್ತು.

ಏರಿಯಲ್ ಕಥೆಯೂ ಅಷ್ಟೇ. ಎರಡು ಬಿದಿರಿನ ಗಳ ನಿಲ್ಲಿಸಿ ನಡುವೆ ತಾಮ್ರದ ತಂತಿ ಎಳೀಬೇಕು, ಇನ್ನೊಂದು ತಂತಿಯನ್ನ ನೆಲದಾಗ ಹುಗಿದು ಆ ಜಾಗ ಹಸಿಯಾಗಿ ಇಡಬೇಕು. ಗಳ ನಿಲ್ಲಿಸಿದವರು, ಗುಂಡಿ ತೋಡಿದವರು ನಮ್ಮ ಓಣಿಯವರು. ದನಿ ಬಂದ ಮೇಲೆ ಕೆಲಸ ಮುಗೀತು, ನಡೀರಿ ಅಂದರು.

ಇನ್ನೊಂದು ಮಾತು. ರೇಡಿಯೋ ಬರೋ ಮೊದಲು ಊರಿಗೆ ಸುದ್ದಿ ಇರಲಿಲ್ಲವೇ? ಇತ್ತು, ಮತ್ತು ಅದು ನಮ್ಮ ಕೈಯಲ್ಲೇ ಇತ್ತು. ಹಲಗಿ ಬಡಿದು ಡಂಗುರ ಸಾರಿದವರು ನಮ್ಮವರು. ಸಂತೆ ಬದಲಾಯಿತು, ತಹಶೀಲ್ದಾರ ಬರ್ತಾನ, ದನಗಳಿಗೆ ಬ್ಯಾನಿ ಬಂದದ, ಎಲ್ಲಾ ನಮ್ಮ ದನಿಯಲ್ಲೇ ಊರಿಗೆ ಗೊತ್ತಾಗುತ್ತಿತ್ತು. ಯಾರಾದರೂ ಸತ್ತರೆ ಬೀಗರ ಊರಿಗೆ ರಾತ್ರೋರಾತ್ರಿ ನಡೆದು ಹೋಗಿ ಹೇಳಿ ಬಂದವರೂ ನಮ್ಮವರೇ. ಆ ಬೀಗರು ದೂರದಲ್ಲಿ ನಿಲ್ಲಿಸಿ ಕೇಳುತ್ತಿದ್ದರು, ಆದರೂ ಕೇಳಲೇಬೇಕಿತ್ತು. ಊರಿನ ಬಾನುಲಿ ಕೇಂದ್ರ ಅನ್ನೋದೊಂದು ಇದ್ದರೆ ಅದು ಹೊಲೇರ, ಮಾದರ ಓಣಿಯಲ್ಲಿತ್ತು. ರೇಡಿಯೋ ಬಂತು, ಸುದ್ದಿ ವಾಡೆಯ ಪಡಸಾಲಿಗೆ ಹೋಯಿತು. ಹಲಗಿಗೆ ಹೆಣದ ಮುಂದಿನ ಕೆಲಸ, ಜಾತ್ರೆಯ ಕೆಲಸ ಉಳಿಯಿತು. ಕನ್ನಡದಲ್ಲಿ ರೇಡಿಯೋ ಇತಿಹಾಸ ಬರೆದವರು ಹೊಸ ಮಾಧ್ಯಮ ಬಂತು ಅಂತ ಸಂಭ್ರಮ ಪಡ್ತಾರೆ. ಹಳೆ ಮಾಧ್ಯಮ ಯಾರ ಕೈಯಿಂದ ಹೋಯಿತು ಅನ್ನೋ ಸಾಲು ನನಗಂತೂ ಆ ಬರಹಗಳಲ್ಲಿ ಸಿಕ್ಕಿಲ್ಲ.

ಆ ಇತಿಹಾಸ ಶುರುವಾಗೋದೇ ಮೈಸೂರಿನಿಂದ. 1935ರ ಸೆಪ್ಟೆಂಬರ್ 10ರಂದು ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಕೇಂದ್ರ ಶುರು ಮಾಡಿದರು, ಆಕಾಶವಾಣಿ ಅನ್ನೋ ಹೆಸರು ಅಲ್ಲಿಂದ ಬಂತು. ದೊಡ್ಡ ಕೆಲಸವೇ, ತಕರಾರಿಲ್ಲ. ಆದರೆ ನಮ್ಮ ಸೀಮೆ ಆಗ ಮೈಸೂರಿನ ಕಡೆ ಇರಲಿಲ್ಲ. ಕಲಬುರಗಿ, ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲಾ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಅಲ್ಲಿ ಮಹಬೂಬ್ ಅಲಿ ಅನ್ನೋರು ಚಿರಾಗ್ ಅಲಿ ಲೇನಿನಲ್ಲಿ ಖಾಸಗಿಯಾಗಿ ನಡೆಸುತ್ತಿದ್ದ ಕೇಂದ್ರವನ್ನ ನಿಜಾಮ್ ಸರ್ಕಾರ 1935ರ ಫೆಬ್ರವರಿ 3ರಂದೇ ಕೈಗೆ ತಗೊಂಡಿತ್ತು. ಅದೇ ಮುಂದೆ ಡೆಕ್ಕನ್ ರೇಡಿಯೋ ಅಂತ ಹೆಸರಾಯಿತು. ಉರ್ದು ಹೆಚ್ಚು, ಜೊತೆಗೆ ತೆಲುಗು, ಮರಾಠಿ, ಕನ್ನಡ. ಅಂದರೆ ಮೈಸೂರಿಗಿಂತ ಏಳು ತಿಂಗಳು ಮೊದಲು. ನಮ್ಮ ಭಾಗದ ಕನ್ನಡದ ಕಿವಿ ತೆರೆದದ್ದು ಆ ಕೇಂದ್ರದಿಂದ, ಆದರೆ ಕರ್ನಾಟಕದ ಪಠ್ಯದಲ್ಲಿ ಅದಕ್ಕೆ ಒಂದು ಸಾಲು ಜಾಗ ಇಲ್ಲ.

1948ರ ಸೆಪ್ಟೆಂಬರ್ 17ರ ಸಂಜೆ ನಿಜಾಮರು ಶರಣಾಗತಿಯ ಮಾತನ್ನ ಹೇಳಿದ್ದೂ ಇದೇ ಡೆಕ್ಕನ್ ರೇಡಿಯೋದಲ್ಲಿ. ವಾಡೆಗಳಲ್ಲಿ ಆ ಸಂಜೆ ಈ ಪೆಟ್ಟಿಗೆಗಳ ಮುಂದೆ ಜನ ಕಿಕ್ಕಿರಿದಿದ್ದರು ಅಂತ ಹಿರಿಯರು ಹೇಳ್ತಾರ. ಆಮೇಲೆ ಏನಾಯಿತು ಅನ್ನೋದಕ್ಕೆ ಸುಂದರಲಾಲ್ ಸಮಿತಿಯ ವರದಿ ಇದೆ: ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್, ಸಂಸ್ಥಾನದಲ್ಲಿ ಒಟ್ಟು ಸತ್ತವರು ಕಮ್ಮಿ ಅಂದರೂ 27 ಸಾವಿರದಿಂದ 40 ಸಾವಿರ ಅಂತ ಅದರ ಅಂದಾಜು, ಬಹುಪಾಲು ಮುಸ್ಲಿಮರು. ಆ ವರದಿಯನ್ನ ದಶಕಗಟ್ಟಲೆ ಜನರಿಗೆ ತೋರಿಸಲಿಲ್ಲ. ರೇಡಿಯೋದಲ್ಲಿ ಬಂದದ್ದೇ ಇತಿಹಾಸ ಅಂದ್ಕೊಂಡ್ರ ವಿಮೋಚನೆ ಒಂದೇ ಕೇಳಿಸ್ತದ.

1950ರ ಏಪ್ರಿಲ್ 1ಕ್ಕೆ ಡೆಕ್ಕನ್ ರೇಡಿಯೋ ಆಲ್ ಇಂಡಿಯಾ ರೇಡಿಯೋದ ಒಳಗೆ ಸೇರಿತು. ಅದೇ ವರ್ಷದ ಜನವರಿಯಲ್ಲಿ ಧಾರವಾಡ ಕೇಂದ್ರ ಶುರುವಾಗಿತ್ತು. ವಾಡೆಯ ಮುಳ್ಳು ಹೈದರಾಬಾದಿನಿಂದ ಧಾರವಾಡಕ್ಕೆ ಸರಿಯಿತು. ಬ್ಯಾಟರಿ ಹೊರೋ ಹೆಗಲು ಮಾತ್ರ ಅದೇ ಇತ್ತು.

1954ರ ಅಕ್ಟೋಬರ್ 3ರಂದು ಬಾಬಾಸಾಹೇಬರು ಆಲ್ ಇಂಡಿಯಾ ರೇಡಿಯೋದಲ್ಲಿ ತಮ್ಮ ಜೀವನದರ್ಶನದ ಬಗ್ಗೆ ಮಾತಾಡಿದರು. ಸ್ವಾತಂತ್ರ್ಯ, ಸಮಾನತೆ, ಬಂಧುತ್ವ ಈ ಮೂರನ್ನ ತಾವು ಫ್ರೆಂಚ್ ಕ್ರಾಂತಿಯಿಂದ ಸಾಲ ತಂದದ್ದಲ್ಲ, ಬುದ್ಧನಿಂದ ಪಡೆದದ್ದು ಅಂತ ಹೇಳಿದ್ದು ಆ ಭಾಷಣದಲ್ಲೇ. ನಾವು ಇವತ್ತು ಪೋಸ್ಟರಿನಲ್ಲಿ ಹಾಕೋ ಮಾತು ಮೂಲತಃ ರೇಡಿಯೋದ ಮಾತು ಅಂತ ನಮ್ಮಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ. ಬಂಧುತ್ವದ ಆ ಮಾತು ಗಾಳಿಯಲ್ಲಿ ಹಾದು ಹೋದ ವರ್ಷಗಳಲ್ಲೇ ಅಗಸಿ ಬಾಗಿಲಲ್ಲಿ ಬ್ಯಾಟರಿ ಮೇಲೆ ನೀರು ಬೀಳ್ತಿತ್ತು.

ಇನ್ನು 1956ರ ಡಿಸೆಂಬರ್. ನಮ್ಮ ಮನೆಯಲ್ಲಿ ಇದನ್ನ ಎಲ್ಲರೂ ಒಂದೇ ರೀತಿ ಹೇಳ್ತಾರೆ, ಆಯಿ, ಅಪ್ಪ, ಕಾಕಾ, ಎಲ್ಲರೂ. ಆ ವಾರ ಬ್ಯಾಟರಿ ತಂದು ಕೊಟ್ಟವನು ಮುತ್ಯಾನೇ. 6ನೇ ತಾರೀಕು ಬಾಬಾಸಾಹೇಬರು ದಿಲ್ಲಿಯಲ್ಲಿ ತೀರಿಕೊಂಡರು. 7ಕ್ಕೆ ಮುಂಬೈಯ ದಾದರಿನ ಕಡಲದಂಡೆಯಲ್ಲಿ ಲಕ್ಷಾಂತರ ಜನ ಸೇರಿ ಅಂತ್ಯಕ್ರಿಯೆ. ವಾಡೆಯಲ್ಲಿ 6ರ ರಾತ್ರಿಯೇ ಗೊತ್ತಾಗಿತ್ತು, ಪಡಸಾಲಿಯಲ್ಲಿ ಆ ಮಾತೂ ಆಗಿತ್ತು. ಮರುದಿನ ಮುತ್ಯಾ ಅದೇ ವಾಡೆಯ ದನದ ಕೊಟ್ಟಿಗೆಯಲ್ಲಿ ಸಗಣಿ ಬಳಿದ, ಅದರ ಮರುದಿನವೂ ಬಳಿದ. ಯಾರೂ ಹೇಳಲಿಲ್ಲ. ನಾಲ್ಕನೇ ದಿನ ತಾಂಡೂರು ಕಡೆ ರೈಲ್ವೆ ಗ್ಯಾಂಗಿನಲ್ಲಿದ್ದ ನಮ್ಮ ಬೀಗರೊಬ್ಬರು ಬಂದು ಓಣಿಯ ಕಟ್ಟಿ ಮೇಲೆ ಕುಂತು ಅತ್ತ ಮೇಲೆ ನಮಗೆ ಗೊತ್ತಾಯಿತು. ಅವತ್ತು ರಾತ್ರಿ ಓಣಿಯಲ್ಲಿ ಒಲೆ ಹೊತ್ತಲಿಲ್ಲ. ಮುತ್ಯಾ ಅತ್ತದ್ದಕ್ಕಿಂತ ಹೆಚ್ಚಾಗಿ ಒಂದೇ ಮಾತು ಆಡಿದನಂತೆ: “ನಾ ಹೊತ್ತು ತಂದ ಬ್ಯಾಟರಿಯಿಂದಲೇ ಅವರು ಕೇಳ್ಯಾರ.” ಆಮೇಲೆ ಅವನು ಬ್ಯಾಟರಿ ಹೊರಲಿಲ್ಲ. ಅದಕ್ಕೆ ಏನು ದಂಡ ತೆತ್ತ ಅನ್ನೋದನ್ನ ಇನ್ನೊಮ್ಮೆ ಬರೀತೀನಿ.

ಇದನ್ನೆಲ್ಲಾ ಆ ಹುಡುಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ಹಂಗಿದ್ರ ಬೆಲೆ ಎಷ್ಟು ಅಂತ ಹಿಡೀಲಿ ಅಣ್ಣಾ?” ಅಂದ. ತಪ್ಪೇನಿಲ್ಲ, ಅವನು ಕರೆದದ್ದೇ ಅದಕ್ಕೆ. ನಾನು ಒಂದು ಹಾಳೆಯಲ್ಲಿ ಬರೆದೆ: ಫಿಲ್ಕೋ, ನೆಲದ ಮೇಲೆ ನಿಲ್ಲುವ ಸೆಟ್ಟು, 6 ವೋಲ್ಟ್ ಬ್ಯಾಟರಿ, ವಾಲ್ವು ಎರಡು ಇಲ್ಲ, ಡಯಲ್ ಗಾಜು ಚೆನ್ನಾಗಿದೆ, ಪಾಲಿಶ್ ಮುಟ್ಟಿಲ್ಲ, ಬುಡದಲ್ಲಿ ಗೆದ್ದಲು. ಕೆಳಗೆ ಇನ್ನೊಂದು ಸಾಲು: ಈ ಸೆಟ್ಟಿನ ಬ್ಯಾಟರಿಯನ್ನ 1940 ಮತ್ತು 50ರ ದಶಕಗಳಲ್ಲಿ ಕೂಲಿ ಇಲ್ಲದೆ ಹೊತ್ತವರು ಈ ಊರಿನ ದಲಿತರ ಓಣಿಯವರು. ಹಾಳೆಯನ್ನ ಹಿಂದಿನ ಹಲಗೆಯ ಒಳಮೈಗೆ ಅಂಟಿಸಿದೆ. ಹುಡುಗ ಬ್ಯಾಡ ಅನಲಿಲ್ಲ, ಅದು ಅವನ ದೊಡ್ಡತನ.

ವ್ಯಾಪಾರಿ ನನ್ನ ಹತ್ತಿರ ಅದನ್ನ ಓದಿಸಿ ಕೇಳಿದ. ತಲೆ ತೂಗಿದ. “ಕಹಾನಿ ಹೈ ತೋ ಭಾವ್ ಹೈ” ಅಂದು 7 ಸಾವಿರವನ್ನ 11 ಮಾಡಿದ! ಪುರಾತನ ವಸ್ತುಗಳ ಧಂದೆಯಲ್ಲಿ ಸಾಮಾನು ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋದಕ್ಕೂ ರೊಕ್ಕ ಇದೆ. ಮುತ್ಯಾನ ಹೆಗಲ ಕಲೆಗೆ 4 ಸಾವಿರ ರೂಪಾಯಿ, ಅದೂ ವಾಡೆಯ ಖಾತೆಗೆ ಜಮಾ. ನಗಬೇಕೋ ಅಳಬೇಕೋ ನೀವೇ ಹೇಳ್ರಿ.

ನಮ್ಮ ಕೈಗೆ ರೇಡಿಯೋ ಬಂದದ್ದು ಹೆಂಗ ಅನ್ನೋದನ್ನ ಗಡಬಡಿಯಲ್ಲಿ ಹೇಳಿ ಮುಗಿಸ್ತೀನಿ. 1950ರ ದಶಕದಲ್ಲಿ ಸರ್ಕಾರ ಹಳ್ಳಿಗಳಿಗೆ ಸಮುದಾಯ ರೇಡಿಯೋ ಕೊಡಲು ಶುರು ಮಾಡಿತು. 1956ರಲ್ಲಿ ಪುಣೆ ಸುತ್ತಿನ ಐದು ಜಿಲ್ಲೆಗಳ 150 ಹಳ್ಳಿಗಳಲ್ಲಿ ಯುನೆಸ್ಕೋ ನೆರವಿನಿಂದ ಪ್ರಯೋಗವೂ ನಡೆಯಿತು: ಜನ ಒಟ್ಟಿಗೆ ಕೂತು ಕೇಳಬೇಕು, ಚರ್ಚೆ ಮಾಡಬೇಕು, ಕೇಳಿದ್ದನ್ನ ಜಾರಿಗೆ ತರಬೇಕು. ಚಂದದ ವಿಚಾರ. ನಮ್ಮೂರಿಗೆ ಬಂದ ಪೆಟ್ಟಿಗೆ ಹೋಗಿ ಕುಂತದ್ದು ಚಾವಡಿಯಲ್ಲಿ. ಚಾವಡಿ ಕಟ್ಟೆ ನಾವು ಹತ್ತಂಗಿಲ್ಲ. ಬೇವಿನ ಗಿಡದ ಕೆಳಗೆ ನಿಂತು ಕೇಳಿದೆವು. ಒಟ್ಟಿಗೆ ಕೂರೋದೇ ಇಲ್ಲದ ಊರಲ್ಲಿ ಒಟ್ಟಿಗೆ ಕೇಳೋದು ಹೆಂಗ? ಕಲಬುರಗಿ ಆಕಾಶವಾಣಿ 1966ರಲ್ಲಿ ಶುರುವಾದ ಮೇಲೆ ಒಂದು ಸಂಜೆ ಜಾನಪದ ಕಾರ್ಯಕ್ರಮದಲ್ಲಿ ಹಲಗಿ ದನಿ ಬಂತಂತೆ. ಅಪ್ಪ ಇದನ್ನ ನೆನೆಸಿಕೊಂಡು ನಗ್ತಿದ್ದ: ಕಟ್ಟೆ ಹತ್ತದ ಹಲಗಿ ಕಟ್ಟೆ ಮೇಲಿನ ಪೆಟ್ಟಿಗೆಯೊಳಗೆ ಕುಂತು ಬಡಕೋತಿತ್ತು.

ಬದಲಾವಣೆ ತಂದದ್ದು ಟ್ರಾನ್ಸಿಸ್ಟರ್. ಏರಿಯಲ್ ಗಳ ಬ್ಯಾಡ, 15 ಕೆಜಿ ಬ್ಯಾಟರಿ ಬ್ಯಾಡ, ನಾಲ್ಕು ಸೆಲ್ ಸಾಕು. ಅಪ್ಪ ಶಹಾಬಾದಿನ ಪರಸಿ ಗಣಿಯಲ್ಲಿ ಕಲ್ಲು ಎತ್ತಿ ರೊಕ್ಕ ಕೂಡಿಸಿ ಒಂದು ತಂದ. ಆಗ ರೇಡಿಯೋಕ್ಕ ಲೈಸೆನ್ಸ್ ಬೇಕಿತ್ತು, ಪೋಸ್ಟ್ ಆಫೀಸಿನಲ್ಲಿ ವರ್ಷಕ್ಕೆ 15 ರೂಪಾಯಿ ಕಟ್ಟಿ ಸಣ್ಣ ಪುಸ್ತಕದಲ್ಲಿ ಠಸ್ಸೆ ಹಾಕಿಸಬೇಕು. 1980ರ ದಶಕದಲ್ಲಿ ಅದನ್ನ ತೆಗೆದು ಹಾಕಿದರು. ಆ ಪುಸ್ತಕ ನಮ್ಮ ಮನೆಯಲ್ಲಿ ಇನ್ನೂ ಇದೆ. ವಾಡೆಯಲ್ಲಿ ಅಪ್ಪನನ್ನ ಅರ್ಧ ಹೆಸರಿನಿಂದ ಕರೀತಿದ್ದರು. ಲೈಸೆನ್ಸಿನ ಮೇಲೆ ಪೂರ್ತಿ ಹೆಸರು ಇದೆ, ಕೊನೆಯ “ಪ್ಪ” ಸಮೇತ, ತಂದೆಯ ಹೆಸರೂ ಸೇರಿ. ಹೊಲ ಇಲ್ಲದವನಿಗೆ ಪಹಣಿ ಇರಲ್ಲ. ಅವನ ಪೂರ್ತಿ ಹೆಸರು ಬರೆದಿಟ್ಟ ಮೊದಲ ಸರ್ಕಾರಿ ಕಾಗದ ಅದು. ಆ ಟ್ರಾನ್ಸಿಸ್ಟರ್ ಬಜಾರಿನಲ್ಲಿ ಇವತ್ತು 300 ರೂಪಾಯಿಗೂ ಹೋಗಲ್ಲ. 1968ರಲ್ಲಿ ಬಿ. ಶ್ಯಾಮಸುಂದರ್ ಅವರು ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದ ಸುದ್ದಿ ನಮ್ಮ ಓಣಿಗೆ ಬಾಯಿಂದ ಬಾಯಿಗೆ ಬಂದಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ಸಂಜೆ ವಾರ್ತೆಯ ಹೊತ್ತಿಗೆ ನಮ್ಮ ಕಟ್ಟಿ ಮೇಲೆ 20-30 ಜನ ಸೇರತೊಡಗಿದರು. ವಾಡೆಯ ಆಳುಮಗನೂ ಬಂದು ಕೂರುತ್ತಿದ್ದ.

ಈಗ ಕೆಲಸದ ಮಾತು. ನಿಮ್ಮ ಮನೆ, ಓಣಿ, ನೆಂಟರ ಮನೆಯಲ್ಲಿ ಹಳೇ ರೇಡಿಯೋ ಲೈಸೆನ್ಸ್ ಪುಸ್ತಕ ಇದ್ದರೆ ಬಿಸಾಡಬ್ಯಾಡ್ರಿ, ಹಾಳೆ ಹಾಳೆ ಫೋಟೋ ತೆಗೆದು ನನಗೆ ಕಳಿಸ್ರಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯವರು ಹಿರಿಯರ ಹತ್ತಿರ ಕೂತು ಮೂರು ಸಂಗತಿ ಕೇಳ್ರಿ: ಊರಲ್ಲಿ ಮೊದಲ ರೇಡಿಯೋ ಯಾರ ಮನೆಗೆ ಬಂತು, ಅದರ ಬ್ಯಾಟರಿ ಯಾರು ಹೊತ್ತರು, ನೀವು ಎಲ್ಲಿ ನಿಂತು ಕೇಳಿದಿರಿ. ಫೋನಿನಲ್ಲೇ ರೆಕಾರ್ಡ್ ಮಾಡ್ರಿ, ಹೊತ್ತವರ ಹೆಸರು ಬರಕೊಳ್ರಿ. ಆ ವಯಸ್ಸಿನವರು ಈಗ ಬೆರಳೆಣಿಕೆ ಉಳಿದಾರ.

ಮತ್ತ ಸೆಟ್ಟು ಇದ್ದೋರಿಗೆ: ಹಳೇ ವಾಲ್ವ್ ರೇಡಿಯೋವನ್ನ ಸೀದಾ ಪ್ಲಗ್ಗಿಗೆ ಹಾಕಬ್ಯಾಡ್ರಿ, ಒಳಗಿನ ಕೆಪಾಸಿಟರುಗಳು ಒಣಗಿ ಹೋಗಿರ್ತಾವ, ಸುಟ್ಟು ಹೋಗ್ತದ. ಹಿಂದೆ ಕ್ಲಿಪ್ ಇದ್ದ ಬ್ಯಾಟರಿ ಸೆಟ್ಟಾದರೆ ಕರೆಂಟಿನ ಹತ್ತಿರಕ್ಕೂ ಒಯ್ಯಬ್ಯಾಡ್ರಿ. ಹಿಂದಿನ ಹಲಗೆ ಬಿಚ್ಚಿ ಒಳಗಿನ ಫೋಟೋ ಹಾಕ್ರಿ, ಬೆಳಕು ಚೆನ್ನಾಗಿರಲಿ. ನೋಡಿ ಹೇಳ್ತೀನಿ.